ಬಲಭೀಮನ ಎದೆಯ ಗೆರೆ

ಅವಳು ಹೃದಯದ ಡಾಕ್ಟರು. ಆದರೆ ಅವಳ ಎದುರು ರೋಗಿಯೊಬ್ಬ ಬಂದು ಕೂತು ವರ್ಷಗಳೇ ಆಗಿದ್ದವು. ಬೆನ್ನುನೋವು ಹೆಚ್ಚಾಗಿ ಆಸ್ಪತ್ರೆಯ ಓಡಾಟ ಕೈಲಾಗದೆ, ಕೂತಲ್ಲೇ ಮಾಡುವ ಕೆಲಸ ಹಿಡಿದಿದ್ದಳು. ಎಲ್ಲೆಲ್ಲಿಂದಲೋ ಬರುವ ಇಸಿಜಿಗಳನ್ನು ಪರದೆಯ ಮೇಲೆ ಹಾಕಿಕೊಂಡು, ಗೆರೆಗಳ ನಡುವಿನ ಅಂತರ ಅಳೆದು, ಸರಿಯಿದೆ ಅಥವಾ ಸರಿಯಿಲ್ಲ ಎಂದು ಬರೆಯಬೇಕು. ಆ ಹೃದಯ ಯಾರದು, ಅವರೆಲ್ಲಿ ಮಲಗಿದ್ದಾರೆ, ಒಂದೂ ತಿಳಿಯುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ನಂಬರು ಮಾತ್ರ.

ಈ ಕೆಲಸ ಅವಳ ತಾಯಿಯ ತಲೆಗೆ ಹೋಗುತ್ತಲೇ ಇರಲಿಲ್ಲ.

"ಔಷಧಿ ಮಾಡೋರು ಒಬ್ಬರು. ಅದನ್ನ ಜನಕ್ಕೆ ಕೊಟ್ಟು ನೋಡೋ ಗುತ್ತಿಗೆ ಹಿಡಿದೋರು ಇನ್ನೊಬ್ಬರು. ಆ ಗುತ್ತಿಗೆಯೋರ ಹತ್ರ ತುಂಡು ಗುತ್ತಿಗೆ ತಗೊಂಡೋರು ನೀವು. ಅಲ್ಲ ಕಣೇ, ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ಮನೆ ಬಾಗಿಲು ತಟ್ಟಬೇಕು?"

"ಅದಕ್ಕೆಲ್ಲ ನಿಯಮ ಇದೆ ಅಮ್ಮ."

"ನಿಯಮಕ್ಕೆ ಬಾಗಿಲು ಇರುತ್ತಾ?"

ಮಗಳು ನಕ್ಕುಬಿಡುತ್ತಿದ್ದಳು. ತಾಯಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೊಸ ಮಾತ್ರೆ ಕಂಡುಹಿಡಿದ ಕಂಪನಿ ಅದರ ಪರೀಕ್ಷೆಯನ್ನು ಒಂದು ಗುತ್ತಿಗೆ ಸಂಶೋಧನಾ ಸಂಸ್ಥೆಗೆ ಒಪ್ಪಿಸುತ್ತದೆ. ಆ ಸಂಸ್ಥೆ ಕೆಲಸವನ್ನು ಹಂಚುತ್ತದೆ. ಜನರನ್ನು ಇರಿಸಿಕೊಂಡು ಮಾತ್ರೆ ನುಂಗಿಸುವುದು ಒಂದು ಕೇಂದ್ರಕ್ಕೆ, ರಕ್ತ ಒಂದು ಲ್ಯಾಬಿಗೆ, ಇಸಿಜಿ ಇವಳ ಆಫೀಸಿಗೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಗುರುತು ಸಿಕ್ಕರೆ ಕಣ್ಣು ಪಕ್ಷ ವಹಿಸುತ್ತದೆ, ಅದಕ್ಕೇ ಈ ಮರೆ. ಅವಳು ಇದನ್ನು ಮನಸಾರೆ ನಂಬಿದ್ದಳು.

ಅವಳ ತಮ್ಮನಿಗೂ ಅನ್ನ ಇದೇ ಕಡೆಯಿಂದ ಬರುತ್ತಿತ್ತು. ಊರಿನ ಇನ್ನೊಂದು ತುದಿಯ ಪರೀಕ್ಷಾ ಕೇಂದ್ರವೊಂದಕ್ಕೆ ಜನ ಹೊಂದಿಸಿ ಕರೆತರುವ ಕೆಲಸ ಅವನದು. ಗೋಡೆಯನ್ನೂ ಮಾತಿಗೆಳೆಯುವ ಬಾಯಿ. ಮನೆಯಲ್ಲಿ ಅವನನ್ನು ಕರೆಯುವುದು ಬಲಭೀಮ ಅಂತ. ನೋಡಿದರೆ ಗಾಳಿಗೆ ಹಾರಿಹೋಗುವಂಥ ಆಳು. ಹುಟ್ಟಿನಿಂದ ಅವನ ಹೃದಯ ಬಲಗಡೆಗಿತ್ತು, ಅದಕ್ಕೇ ಅಪ್ಪ ತಮಾಷೆಗೆ ಇಟ್ಟ ಹೆಸರು ಅದು. ಅದರಿಂದ ತೊಂದರೆಯೇನೂ ಇರಲಿಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಎಡದ್ದು ಬಲಕ್ಕೆ ಬಂದಿತ್ತು ಅಷ್ಟೇ. ಅಕ್ಕ ಡಾಕ್ಟರಿಕೆ ಓದುವಾಗ ಒಂದು ಬನ್ನಿನ ಆಸೆ ತೋರಿಸಿ ಅವನನ್ನು ಮಲಗಿಸಿ, ಅವನ ಎದೆಯ ಮೇಲೆಯೇ ಇಸಿಜಿ ತೆಗೆಯುವುದನ್ನು ಕಲಿತಿದ್ದಳು. ಅವನ ಎದೆಯ ಗೆರೆ ಅವಳಿಗೆ ಅವನ ಕೈಬರಹಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಆ ದಿನಗಳಲ್ಲಿ ಅವಳ ಮುಂದೆ ಬರುತ್ತಿದ್ದದ್ದು ಕೀಲುನೋವಿನ ಹೊಸ ಮಾತ್ರೆಯೊಂದರ ಪರೀಕ್ಷೆ. ಆರೋಗ್ಯವಂತರಿಗೆ ಕೊಟ್ಟು ಮೈಗೆ ಒಗ್ಗುತ್ತದೆಯೇ ಎಂದು ನೋಡುವ ಹಂತ. ಒಂದು ಬೆಳಿಗ್ಗೆ ಒಂದು ನಂಬರಿನ ಗೆರೆ ಅವಳ ಕೈಯನ್ನು ತಡೆಯಿತು. ಹೃದಯ ಪ್ರತಿ ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ಸಜ್ಜಾಗಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತು ಮಿತಿಮೀರಿ ಎಳೆದರೆ, ಸಜ್ಜಾಗುವ ಮೊದಲೇ ಇನ್ನೊಂದು ಬಡಿತ ನುಗ್ಗಿ ತಾಳವೆಲ್ಲ ಕೆಟ್ಟು ಹೋಗಬಹುದು. ಮನುಷ್ಯ ನಿಂತಲ್ಲೇ ಕುಸಿಯಬಹುದು. ಹಿಂದಿನ ಗೆರೆಗಳನ್ನು ತೆರೆದು ನೋಡಿದಳು. ಅದೇ ನಂಬರಿನ ಅಂತರ ದಿನದಿಂದ ದಿನಕ್ಕೆ ಹಿಗ್ಗುತ್ತಾ ಬಂದಿತ್ತು.

'ಮಾತ್ರೆ ನಿಲ್ಲಿಸಿ. ಕೂಡಲೇ ಇನ್ನೊಂದು ಇಸಿಜಿ ಕಳಿಸಿ' ಎಂದು ಕೆಂಪು ಗುರುತು ಹಾಕಿ ಕಳಿಸಿದಳು. ಅಂದೆಲ್ಲ ಉತ್ತರವಿಲ್ಲ. ಎರಡು ಸಲ ಜ್ಞಾಪಿಸಿದಳು. "ಕೇಂದ್ರದವರು ನೋಡ್ತಿದ್ದಾರಂತೆ" ಎಂದಷ್ಟೇ ಆಫೀಸಿನವರು ಹೇಳಿದರು.

ಮಾರನೆಯ ದಿನ ಅದೇ ನಂಬರಿನಲ್ಲಿ ಹೊಸ ಇಸಿಜಿ ಬಂತು. ಅಂತರ ಅಚ್ಚುಕಟ್ಟಾಗಿ ಇಳಿದಿತ್ತು. ಆದರೆ ಮೇಲೇಳಬೇಕಾದ ಗೆರೆ ಕೆಳಗಿಳಿದಿತ್ತು, ಎದೆಯ ಎಡಕ್ಕೆ ಸರಿದಂತೆ ದೊಡ್ಡದಾಗಬೇಕಾದ ಅಲೆ ಸಣ್ಣದಾಗುತ್ತಾ ಹೋಗಿತ್ತು. ಒಂದು ಅಲೆಯ ಹೆಗಲಿನಲ್ಲಿ ಉಗುರಿನಿಂದ ಗೀಚಿದಂಥ ಪುಟ್ಟ ಕಚ್ಚು.

ಆ ಕಚ್ಚನ್ನು ಅವಳು ಹಿಂದೆ ಒಬ್ಬನ ಎದೆಯ ಗೆರೆಯಲ್ಲಿ ಮಾತ್ರ ಕಂಡಿದ್ದಳು.

ಪಕ್ಕದ ಮೇಜಿನ ಗೆಳತಿ, ಅವಳೂ ಡಾಕ್ಟರೇ, "ಏನಾಯ್ತೇ, ದೆವ್ವ ಕಂಡೋಳ ಹಾಗೆ ಕೂತಿದ್ದೀಯಲ್ಲ?" ಎಂದಳು. ಇವಳು ಎದ್ದು ಕಾರಿಡಾರಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ತಾಯಿಗೆ ಮಾಡಿದಳು.

"ಮನೆಗೇ ಬಂದಿಲ್ಲ ಕಣೇ. ಯಾರೋ ಮಧ್ಯದಲ್ಲಿ ಬಿಟ್ಟುಹೋದ್ರಂತೆ, ನಾಲ್ಕು ದಿನ ಅಲ್ಲೇ ಇರಬೇಕು ಅಂದ. ದನಿ ಒಂಥರಾ ಇತ್ತು. ಯಾಕೆ, ಏನಾದ್ರೂ ಆಯ್ತಾ?"

"ಏನಿಲ್ಲಮ್ಮ. ಸುಮ್ಮನೆ."

ಅವಳು ನೇರವಾಗಿ ಮ್ಯಾನೇಜರನ ಕೋಣೆಗೆ ಹೋದಳು. ಬಲು ನಯವಾದ ಮನುಷ್ಯ, ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

"ಕೇಂದ್ರದಿಂದ ಉತ್ತರ ಬಂದಿದೆ ಡಾಕ್ಟರ್," ಎಂದ. "ವೈರು ಅದಲುಬದಲಾಗಿತ್ತಂತೆ. ಅಂತರ ಈಗ ಸರಿಯಿದೆ ಅಲ್ವಾ? ಮುಗೀತಲ್ಲ."

"ಕೈಯ ವೈರು ಅದಲುಬದಲಾದ್ರೆ ಕೈಕಾಲಿನ ಗೆರೆ ಕೆಡುತ್ತೆ, ಎದೆ ಮೇಲಿನ ಗೆರೆ ಹಾಗೇ ಇರುತ್ತೆ. ಇಲ್ಲಿ ಎರಡೂ ತಿರುಗಿವೆ. ಹೃದಯಾನೇ ಬಲಗಡೆ ಇರೋ ಮನುಷ್ಯ ಇದು. ನೆನ್ನೆಯವನಲ್ಲ."

ಮ್ಯಾನೇಜರ್ ಪರದೆಯ ಕಡೆ ತಿರುಗಲಿಲ್ಲ. ಎದ್ದು ಹೋಗಿ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಬಂದು ಕೂತ.

"ಹಾಗಾದ್ರೆ ಇವರು ಯಾರು ಅಂತ ನಿಮಗೆ ಗೊತ್ತಾ?"

ಪ್ರಶ್ನೆಯ ಹಿಂದಿನ ಹಳ್ಳ ಅವಳಿಗೆ ಕಂಡಿತು. "ಗೊತ್ತಿಲ್ಲ" ಎಂದಳು.

"ಒಳ್ಳೇದಾಯ್ತು. ಗೊತ್ತಿದ್ರೆ ನೀವು ಆ ಕುರ್ಚೀಲಿ ಕೂರೋ ಹಾಗಿಲ್ಲ, ನೀವು ಓದಿದ ಇಸಿಜಿ ಎಲ್ಲ ರದ್ದು. ಗೊತ್ತಿಲ್ಲ ಅಂದಮೇಲೆ ಬೇರೆ ಮನುಷ್ಯ ಅಂತ ಹೇಳೋಕೂ ಬರಲ್ಲ." ಅವನು ಮುಗುಳ್ನಕ್ಕ. "ಬೆನ್ನು ಹೇಗಿದೆ? ಇವತ್ತು ಬೇಗ ಹೊರಡಿ ಬೇಕಾದ್ರೆ."

ಅವಳು ಹೊರಟಳು. ಆದರೆ ಮನೆಗಲ್ಲ.

ಟ್ಯಾಕ್ಸಿಯಲ್ಲಿ ಕೂತಷ್ಟು ಹೊತ್ತೂ ತಲೆಯಲ್ಲಿ ಒಂದೇ ಯೋಚನೆ. ನೆನ್ನೆ ಆ ನಂಬರಿನಲ್ಲಿ ಅಂತರ ಹಿಗ್ಗಿದವನ ಹಾಸಿಗೆಯಲ್ಲಿ ಇವತ್ತು ತಮ್ಮ ಮಲಗಿದ್ದಾನೆ. ಹಾಗಾದರೆ ಅದೇ ಮಾತ್ರೆ ಅವನ ಹೊಟ್ಟೆಗೂ ಇಳಿದಿದೆ.

ತಮ್ಮನ ಕೇಂದ್ರದ ಕಟ್ಟಡ ಹಿಂದೆ ಸೋಫಾ ಮಾರುವ ಅಂಗಡಿಯಾಗಿತ್ತು. ಗಾಜಿನ ಮೇಲಿಂದ ಕೆರೆದು ತೆಗೆದ ಹಳೆಯ ಅಕ್ಷರಗಳ ನೆರಳು ಇನ್ನೂ ಉಳಿದಿತ್ತು. ಒಳಗೆ ಫಿನಾಯಿಲ್ ವಾಸನೆ. ಮೇಲಿನ ಮಹಡಿಯ ಗಾಜಿನಾಚೆ ತಿಳಿಹಸಿರು ಬಟ್ಟೆ ತೊಟ್ಟ ಗಂಡಸರು ಸಾಲಾಗಿ ಕೂತು ಟಿವಿ ನೋಡುತ್ತಿದ್ದರು. ಎಲ್ಲರ ಮಣಿಕಟ್ಟಿಗೂ ನಂಬರಿನ ಪಟ್ಟಿ.

"ಒಳಗೆ ಬಿಡೋ ಹಾಗಿಲ್ಲ ಮೇಡಂ," ಎಂದಳು ರಿಸೆಪ್ಶನ್ ಹುಡುಗಿ.

"ನಾನು ಒಳಗೆ ಬರಲ್ಲ, ನನ್ನ ತಮ್ಮನ್ನ ಹೊರಗೆ ಕಳಿಸಿ. ಅಮ್ಮನಿಗೆ ಹುಷಾರಿಲ್ಲ."

ಅವನು ಹಿಂದಿನ ಮೆಟ್ಟಿಲಿನಿಂದ ಇಳಿದು ಬಂದ. ಅವನ ಮೈಮೇಲೂ ತಿಳಿಹಸಿರು ಬಟ್ಟೆ. ಅವಳು ಅವನ ರಟ್ಟೆ ಹಿಡಿದು ಜನರೇಟರಿನ ಮರೆಗೆ ಎಳೆದುಕೊಂಡು ಹೋದಳು.

"ಏನು ನುಂಗಿದೆ?"

"ಏನು ಅಕ್ಕ? ಅಮ್ಮನಿಗೆ ಏನಾಯ್ತು?"

"ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ನೀನು ಏನು ನುಂಗಿದೆ ಹೇಳು!"

"ನಿನ್ನಾಣೆ, ಏನೂ ನುಂಗಿಲ್ಲ. ಸುಮ್ಮನೆ ಮಲಗಿದ್ದೆ. ಇಸಿಜಿ ತೆಗೆದ್ರು, ರಕ್ತ ತೆಗೆದ್ರು, ಅಷ್ಟೇ. ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲ ಕಣೋ. ನಿನ್ನ ಇಸಿಜಿ ನನ್ನ ಟೇಬಲ್ಲಿಗೆ ಬಂತು."

ಅವನು ಜನರೇಟರಿನ ಕಟ್ಟೆಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ಮಾತ್ರೆ ನುಂಗಿಲ್ಲವೆಂದು ಕೇಳಿದ್ದೇ ಅವಳ ಎದೆಯಿಂದ ಬಂಡೆ ಇಳಿದಂತಾಗಿತ್ತು. ಮರುಗಳಿಗೆಯೇ ಇನ್ನೊಂದು ಪ್ರಶ್ನೆ ಎದ್ದು ನಿಂತಿತು. ನುಂಗಿದವನು ಎಲ್ಲಿ? ತಾನು ನಿರಾಳವಾದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಆ ಹಾಸಿಗೆ ಯಾರದು?"

"ಪೇಂಟರ್‌ದು. ನಾನೇ ಕರ್ಕೊಂಡು ಬಂದಿದ್ದು." ಮನೆಗಳಿಗೆ ಬಣ್ಣ ಬಳಿಯುವವನು, ತನ್ನ ಜೊತೆ ಚಹಾ ಕುಡಿಯುವ ಸ್ನೇಹಿತ ಎಂದ. "ನೆನ್ನೆ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ. ಸದ್ದು ಕೇಳಿ ಬಾಗಿಲು ಒದ್ದವನೂ ನಾನೇ. ಕಣ್ಣು ಮೇಲಾಗಿತ್ತು ಅಕ್ಕ. ಆಮೇಲೆ ಉಸಿರು ಬಂತು, ವಾಂತಿ ಮಾಡ್ಕೊಂಡ. ಓನರು ಬಂದ್ರು. ನಾಳಿದ್ದು ದೊಡ್ಡ ಸಂಸ್ಥೆಯೋರು ತನಿಖೆಗೆ ಬರ್ತಾರೆ, ಈ ವಿಷಯ ಮೇಲೆ ಹೋದ್ರೆ ಕೇಂದ್ರಾನೇ ಮುಚ್ಚಬೇಕಾಗುತ್ತೆ ಅಂದ್ರು. ಅವನನ್ನ ಕಾರಿಗೆ ಹಾಕಿದ್ರು. ನನ್ನ ನೋಡಿ, ನಿನ್ನ ಮೈಕಟ್ಟೂ ಅವನದೇ, ನಾಲ್ಕು ದಿನ ಅವನ ಪಟ್ಟಿ ಕಟ್ಕೊಂಡು ಮಲಗು ಅಂದ್ರು."

"ಎಲ್ಲಿಗೆ ಕರ್ಕೊಂಡು ಹೋದ್ರು?"

"ಮನೆಗೆ ಬಿಟ್ಟು ಬಂದ್ವಿ ಅಂದ್ರು."

"ನಂಬಿದ್ಯಾ?"

"ನಂಬೋಕೆ ತುಂಬಾ ಕಷ್ಟಪಟ್ಟೆ."

"ಹೃದಯ ಬಲಗಡೆ ಇದೆ ಅಂತ ಟೆಕ್ನಿಷಿಯನ್‌ಗೆ ಯಾಕೆ ಹೇಳಲಿಲ್ಲ? ವೈರು ತಿರುಗಿಸಿ ಹಾಕಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ."

ತಮ್ಮ ಮೂಗೊರೆಸಿಕೊಂಡ. "ಬಾಯಿ ಬಿಡೋ ಧೈರ್ಯ ಇರಲಿಲ್ಲ. ಈ ಗೆರೆನ ಎಲ್ಲೋ ಯಾರೋ ನೋಡ್ತಾರೆ ಅಂತ ಗೊತ್ತಿತ್ತು. ನನ್ನ ಕೈಲಿ ಆಗದೇ ಇದ್ದಿದ್ದನ್ನ ಎದೆಯಾದ್ರೂ ಹೇಳ್ಲಿ ಅಂತ ಸುಮ್ಮನೆ ಮಲಗಿದೆ. ಆ ಯಾರೋ ನೀನೇ ಆಗಿರ್ತೀಯ ಅಂತ…"

"ಏಳು," ಎಂದಳು ಅಕ್ಕ. "ಅವನ ಮನೆ ತೋರಿಸು."

ಬಟ್ಟೆ ಬದಲಿಸಲೂ ಅವನನ್ನು ಬಿಡಲಿಲ್ಲ. ಗೇಟು ದಾಟುವಾಗ ಅವಳು ತಿರುಗಿ ನೋಡಿದಳು. ಮೇಲಿನ ಕಿಟಕಿಯಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ನಿಂತು, ಆತುರವೇನೂ ಇಲ್ಲದೆ, ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದ.

ಪೇಂಟರನ ಹೆಂಡತಿ ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಬಲಭೀಮನ ಹಸಿರು ಬಟ್ಟೆ ಕಂಡು ನಗು ತಡೆಯಲಾರದೆ, "ಏನಣ್ಣ, ಜನ ಸಿಗಲಿಲ್ಲ ಅಂತ ನೀವೇ ಸೇರ್ಕೊಂಡ್ರಾ?" ಎಂದಳು. ಅವನ ಮುಖ ನೋಡಿದ ಮೇಲೆ ನಗು ಅಲ್ಲೇ ನಿಂತಿತು.

"ನಿಮ್ಮ ಯಜಮಾನರು ಮನೇಲಿದ್ದಾರಾ?" ಎಂದು ಡಾಕ್ಟರು ಕೇಳಿದಳು.

"ಮನೇಲಾ? ನಿಮ್ಮ ಕಡೆಯೋರೇ ನೆನ್ನೆ ಫೋನ್ ಮಾಡಿ ಇನ್ನೊಂದು ವಾರ ಅಲ್ಲೇ ಇರ್ತಾರೆ ಅಂದ್ರು. ಮಾತಾಡ್ಬೇಕು ಕೊಡಿ ಅಂದೆ. ಮಲಗಿದ್ದಾರೆ ಅಂದ್ರು." ಅವಳು ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ನಿಲ್ಲಿಸಿದಳು. "ನಮ್ಮೋರು ಹಗಲು ಹೊತ್ತು ಮಲಗೋರೇ ಅಲ್ಲ ಅಕ್ಕ. ಜ್ವರ ಬಂದ್ರೂ ಮಲಗಲ್ಲ. ಅವರೆಲ್ಲಿ?"

ಉತ್ತರಕ್ಕೂ ಕಾಯದೆ ಅವಳು ಅಂಗಡಿಯ ಬಾಗಿಲು ಎಳೆದು, ಚಪ್ಪಲಿ ಮೆಟ್ಟಿ, ಇವರ ಜೊತೆ ಹೊರಟುನಿಂತಳು.

ಬಲಭೀಮ ಕೇಂದ್ರದ ಡ್ರೈವರನಿಗೆ ಫೋನ್ ಹಚ್ಚಿದ. ಆ ಕಡೆಯವನು ಮೊದಲು ಗೊತ್ತಿಲ್ಲವೆಂದ, ಆಮೇಲೆ ಬೈದ, ಕೊನೆಗೆ ಒಂದು ನರ್ಸಿಂಗ್ ಹೋಮಿನ ಗುರುತು ಹೇಳಿ, "ನನ್ನ ಬಾಯಿಂದ ಬಂತು ಅಂತ ಎಲ್ಲೂ ಹೇಳ್ಬೇಡ ಮಾರಾಯ" ಎಂದು ಇಟ್ಟುಬಿಟ್ಟ.

ಅದು ಎರಡು ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಕಟ್ಟಡ. ಪೇಂಟರ್ ಕೊನೆಯ ಹಾಸಿಗೆಯಲ್ಲಿದ್ದ. ಯಾರದೋ ಹಳೆಯ ಅಂಗಿ ತೊಡಿಸಿದ್ದರು. ಮಣಿಕಟ್ಟಿನ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದರು. ಚರ್ಮದ ಮೇಲೆ ಅದು ಒತ್ತಿದ ಗುರುತು ಮಾತ್ರ ಇತ್ತು. ಹೆಂಡತಿಯನ್ನು ಕಂಡು ಏನೋ ಹೇಳಲು ಹೋದ, ನಾಲಿಗೆ ಹೊರಳಲಿಲ್ಲ.

"ರಸ್ತೆ ಬದಿ ಬಿದ್ದಿದ್ದ ಅಂತ ಯಾರೋ ತಂದು ಸೇರಿಸಿದ್ರು," ಎಂದ ಡ್ಯೂಟಿ ಡಾಕ್ಟರು. "ಊಟದಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ. ವಾಂತಿ ನಿಂತಿಲ್ಲ, ಅದಕ್ಕೆ ಇಂಜೆಕ್ಷನ್ ಕೊಡ್ತಿದ್ದೀವಿ."

ಅವಳು ಮಾನಿಟರ್ ನೋಡುತ್ತಿದ್ದಳು. ನೆನ್ನೆ ಅವಳ ಪರದೆಯ ಮೇಲಿದ್ದ ಅದೇ ಗೆರೆ, ಇನ್ನಷ್ಟು ಹಿಗ್ಗಿತ್ತು. ಮೊದಲ ಸಲ ಆ ನಂಬರಿಗೆ ಒಂದು ಮುಖವಿತ್ತು. ಕಿವಿಯ ಹಿಂದೆ ಒಣಗಿದ ನೀಲಿ ಬಣ್ಣದ ಚುಕ್ಕೆಯೂ ಇತ್ತು.

"ಆ ಇಂಜೆಕ್ಷನ್ ನಿಲ್ಲಿಸಿ. ಇವರು ಪರೀಕ್ಷೆಯ ಮಾತ್ರೆ ತಗೊಂಡಿದ್ದಾರೆ, ಅದೇ ಇವರ ಹೃದಯದ ತಾಳ ಕೆಡಿಸಿದೆ. ವಾಂತಿಯ ಈ ಔಷಧೀನೂ ಅದೇ ಕೆಲಸ ಮಾಡುತ್ತೆ. ಉರಿಯೋದಕ್ಕೆ ಎಣ್ಣೆ ಹೊಯ್ತಿದ್ದೀರಿ."

"ಮಾತ್ರೆನಾ? ನಮಗೆ ಯಾರೂ ಹೇಳೇ ಇಲ್ಲ! ನೀವು ಯಾರು?"

ಅವನ ಮಾತು ಮುಗಿಯುವ ಮೊದಲೇ ಮಾನಿಟರ್ ಕಿರುಚಿತು. ಗೆರೆ ಹುರಿಯಂತೆ ತಿರುಚಿಕೊಂಡು ಕುಣಿಯತೊಡಗಿತು. ಪೇಂಟರನ ಕತ್ತು ಪಕ್ಕಕ್ಕೆ ವಾಲಿತು. ಹೆಂಡತಿಯ ಕೂಗಿಗೆ ಅಕ್ಕಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತರು. ಬೆನ್ನುನೋವು ಎಲ್ಲಿ ಹೋಯಿತೋ, ಡಾಕ್ಟರು ಹಾಸಿಗೆಯ ಮೇಲೆ ಮಂಡಿಯೂರಿ ಎದೆ ಒತ್ತಲು ಶುರುಮಾಡಿದಳು. ಶಾಕ್ ಕೊಡುವ ಯಂತ್ರ ಬಂತು. ಒಮ್ಮೆ ಕೊಟ್ಟರು, ಆಗಲಿಲ್ಲ. ಇನ್ನೊಮ್ಮೆ ಕೊಟ್ಟರು. ಗೆರೆ ನೆಟ್ಟಗಾಗಿ, ತಡವರಿಸಿ, ಮತ್ತೆ ಹೆಜ್ಜೆ ಇಡತೊಡಗಿತು. ಡ್ಯೂಟಿ ಡಾಕ್ಟರು ಅವಳು ಹೇಳಿದ್ದನ್ನೆಲ್ಲ ಮರುಮಾತಿಲ್ಲದೆ ಮಾಡಿದ. ತಾಳ ಮತ್ತೆ ಕೆಡದಂತೆ ಮೆಗ್ನೀಷಿಯಂ ಏರಿಸಿದರು. ಸಂಜೆಗೆ ಅವನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಪೇಂಟರ್ ಬದುಕಿದ. ಆದರೆ ಮೆದುಳಿಗೆ ರಕ್ತ ತಪ್ಪಿದ್ದ ಆ ಗಳಿಗೆಗಳು ಅವನಿಂದ ಏನೋ ಕಿತ್ತುಕೊಂಡು ಹೋಗಿದ್ದವು. ಬಣ್ಣಗಳ ಹೆಸರು ನೆನಪಾಗುತ್ತಿರಲಿಲ್ಲ, ಏಣಿ ಕಂಡರೆ ಬೆವರುತ್ತಿದ್ದ. ಹೆಂಡತಿ ಅಂಗಡಿಯಲ್ಲೇ ಅವನಿಗೊಂದು ಕುರ್ಚಿ ಹಾಕಿ, ಮಡಚಿದ ಬಟ್ಟೆ ಜೋಡಿಸುವ ಕೆಲಸ ಕೊಟ್ಟಳು.

ಡಾಕ್ಟರು ಸುಮ್ಮನಿರಲಿಲ್ಲ. ಔಷಧ ಕಂಪನಿಗೂ ಸರ್ಕಾರಕ್ಕೂ ದೂರು ಕೊಟ್ಟಳು. ವಿಚಾರಣೆ ನಡೆಯಿತು. ಔಷಧ ಕಂಪನಿಯವರು ಎಲ್ಲ ಹೊಣೆಯನ್ನೂ ಗುತ್ತಿಗೆ ಸಂಸ್ಥೆಗೆ ವಹಿಸಿದ್ದೆವು ಎಂದರು. ಸಂಸ್ಥೆಯವರು ಜನರ ಉಸ್ತುವಾರಿ ಕೇಂದ್ರದ್ದು ಎಂದರು. ಕೇಂದ್ರದ ಓನರು ಬಿಳಿ ಅಂಗಿ ತೊಟ್ಟು ಬಂದು, ಜನ ಕರೆತರುವ ನೌಕರನೊಬ್ಬ ತನ್ನ ಸ್ವಂತ ಬುದ್ಧಿಯಿಂದ ಬೇರೆಯವರ ನಂಬರಿನಲ್ಲಿ ಮಲಗಿ ಎಲ್ಲರಿಗೂ ಮೋಸ ಮಾಡಿದ ಎಂದು ಕೈಮುಗಿದ. ಮೇಲಿಂದ ಉರುಳಿದ್ದೆಲ್ಲ ಬಂದು ನಿಂತದ್ದು ಬಲಭೀಮನ ತಲೆಯ ಮೇಲೆ. ಬಲಗಡೆ ಬಡಿಯುವ ಅವನ ಹೃದಯವೇ ಅವನ ವಿರುದ್ಧ ಸಾಕ್ಷಿಯಾಯಿತು, ಆ ಗೆರೆ ಅವನದಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಡ್ರೈವರ್ ತನಗೇನೂ ಗೊತ್ತಿಲ್ಲವೆಂದ, ಪೇಂಟರನಿಗೆ ಆ ದಿನದ್ದೇನೂ ನೆನಪಿರಲಿಲ್ಲ. ಬಲಭೀಮನ ಮೇಲೆ ಕೇಸಾಯಿತು, ಜಾಮೀನಿನ ಮೇಲೆ ಹೊರಗಿದ್ದ. ಗೌಪ್ಯತೆ ಮುರಿದದ್ದಕ್ಕೆ ಅಕ್ಕನ ಕೆಲಸ ಹೋಯಿತು. ಮ್ಯಾನೇಜರ್ ಅವಳನ್ನು ಲಿಫ್ಟಿನ ತನಕ ಬಂದು ಬೀಳ್ಕೊಟ್ಟ. ಬೆನ್ನು ನೋಡಿಕೊಳ್ಳಿ ಎಂದ.

ತಾಯಿ ಇಬ್ಬರಿಗೂ ಬಡಿಸುತ್ತಾ, "ಕೆಲಸ ಹೋದ್ರೆ ಹೋಯ್ತು. ಆ ಹೆಣ್ಣುಮಗಳ ಮುಂದೆ ತಲೆ ಎತ್ತಿ ನಡೀಬಹುದಲ್ಲ, ಉಣ್ಣಿ" ಎಂದಳು.

ಅವಳು ಮನೆಯ ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿ ಕೂರತೊಡಗಿದಳು. ಕೆಮ್ಮು, ನೆಗಡಿ, ಬಿ.ಪಿ. ಮುಟ್ಟಿ ನೋಡಲು ಸಿಗುವ ಜನ. ಒಂದು ಮಧ್ಯಾಹ್ನ ಹಳೆಯ ಆಫೀಸಿನ ಗೆಳತಿ ಫೋನ್ ಮಾಡಿದಳು. ಬಚ್ಚಲಲ್ಲಿ ನಿಂತು ಮಾತಾಡುತ್ತಿದ್ದಳೆಂದು ಕಾಣುತ್ತದೆ, ದನಿ ಗುಂಯ್‌ಗುಟ್ಟುತ್ತಿತ್ತು.

"ಆ ಕೀಲುನೋವಿನ ಮಾತ್ರೆ ನೆನಪಿದೆಯಾ? ಮತ್ತೆ ಶುರುವಾಗಿದೆ ಕಣೇ. ಬೇರೆ ಊರು, ಬೇರೆ ಕೇಂದ್ರ. ಈಗ ನಾನೇ ಓದ್ತಿದ್ದೀನಿ."

"ಗೆರೆ ಹೇಗಿವೆ?"

"ಚೆನ್ನಾಗಿವೆ. ಅದಕ್ಕೇ ಫೋನ್ ಮಾಡಿದ್ದು. ವಿಪರೀತ ಚೆನ್ನಾಗಿವೆ. ಎಲ್ಲ ನಂಬರೂ ಒಂದೇ ಥರ. ಒಬ್ಬನನ್ನೇ ಮಲಗಿಸಿ ಎಲ್ಲರ ಇಸಿಜಿ ತೆಗೆದ ಹಾಗೆ."

"ಬರೆದು ಕಳಿಸಿದ್ಯಾ?"

ಆ ಕಡೆ ನಲ್ಲಿ ತಿರುಗಿಸಿದ ಸದ್ದು. "ನಿನ್ನ ಹಾಗೆ ನನಗಾಗಲ್ಲ. ನಾನು ಫೋನ್ ಮಾಡಿಲ್ಲ, ನೀನು ಕೇಳಿಲ್ಲ, ಆಯ್ತಾ?" ಎಂದು ಇಟ್ಟುಬಿಟ್ಟಳು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ಅವಳು ಒಬ್ಬೊಬ್ಬರಾಗಿ ನೋಡಿ ಕಳಿಸಿದಳು. ಆಮೇಲೆ ಕ್ಲಿನಿಕ್ಕಿನ ಬಾಗಿಲು ಹಾಕಿ ಮನೆಗೆ ಹೋಗಿ, ಕಿಟಕಿಯ ಬಳಿ ಸುಮ್ಮನೆ ಕೂತಿದ್ದ ತಮ್ಮನ ಎದುರು ನಿಂತಳು.

"ಬೇರೆ ಊರುಗಳ ಕೇಂದ್ರಕ್ಕೆ ಜನ ಹೊಂದಿಸೋರೆಲ್ಲ ನಿನಗೆ ಗೊತ್ತಲ್ವಾ?"

"ಅಕ್ಕ, ಈ ಸಲ ನಮ್ಮನ್ನ ಸುಮ್ಮನೆ ಬಿಡಲ್ಲ ಅವರು," ಎಂದ. ಹೇಳುತ್ತಲೇ ಎದ್ದು ಅಂಗಿ ಹುಡುಕತೊಡಗಿದ.